ಕೆಂಪು ರಕ್ತದ ಶಾನುಭೋಗ

ಪೆರು ದೇಶದ ಆಂಡಿಸ್ ಪರ್ವತಗಳ ನಡುವೆ ಮೊರೊಕೊಚಾ ಎಂಬ ಗಣಿಯೂರು ಇದೆ. ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತಲೆಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಕೂರಿಸಿದರೂ ಆ ಊರಿನ ಬೀದಿಗೆ ಎಟುಕುವುದಿಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದ ಹೊತ್ತಿನಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯಶಾಸ್ತ್ರದ ಪ್ರಾಧ್ಯಾಪಕ ಫ್ರಾಂಸ್ವಾ ವಿಯೋ ಅಲ್ಲಿಗೆ ಬಂದರು. ಜೊತೆಗೆ ಸೂಕ್ಷ್ಮದರ್ಶಕವಿತ್ತು, ರಕ್ತಕಣ ಎಣಿಸುವುದಕ್ಕೆ ಗೆರೆ ಕೊರೆದ ಗಾಜಿತ್ತು. ಪ್ರಯೋಗಕ್ಕೆ ಮೊದಲು ಒಡ್ಡಿದ್ದು ತಮ್ಮದೇ ಬೆರಳನ್ನು.

ಸಮುದ್ರದ ಪಕ್ಕದ ಲಿಮಾದಲ್ಲಿದ್ದಾಗ ಅವರ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ 50 ಲಕ್ಷ ಕೆಂಪು ಕಣಗಳಿದ್ದವು. ಬೆಟ್ಟ ಹತ್ತಿದ ಮೇಲೆ ಎರಡು ವಾರ ಕಳೆಯುವಷ್ಟರಲ್ಲಿ ಅದು 70 ಲಕ್ಷ ದಾಟಿತು. ಮೂರು ವಾರಕ್ಕೆ ಸುಮಾರು 80 ಲಕ್ಷ. ಜೊತೆಗಾರರದ್ದನ್ನೂ ಎಣಿಸಿದರು, ಅಲ್ಲೇ ಹುಟ್ಟಿ ಬೆಳೆದವರದ್ದನ್ನೂ ಎಣಿಸಿದರು. ಎಲ್ಲರ ರಕ್ತದಲ್ಲೂ ಕಣಗಳ ಜಾತ್ರೆ. 1890ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದಾಗ ಅದು ಎರಡೇ ಪುಟದ ಬರಹ. ಬೆಟ್ಟದವರ ರಕ್ತ ದಪ್ಪ ಎಂಬ ಮಾತನ್ನು ಮೆಕ್ಸಿಕೋದಲ್ಲಿ ವೈದ್ಯರಾಗಿದ್ದ ದೆನಿ ಜೂರ್ದನೆ ಮೂವತ್ತು ವರ್ಷ ಮೊದಲೇ ಹೇಳಿದ್ದರು. ಆದರೆ ತಲೆಮಾರುಗಳಿಂದ ಬೆಟ್ಟದಲ್ಲಿರುವವರ ಮಾತು ಬೇರೆ, ಮೊನ್ನೆ ಮೊನ್ನೆ ರೈಲು ಹತ್ತಿ ಬಂದವರ ಮಾತು ಬೇರೆ. ವಿಯೋ ತೋರಿಸಿದ್ದು ಎರಡನೆಯದನ್ನು. ದೇಹಕ್ಕೆ ಕೊರತೆ ತಿಳಿಯುತ್ತದೆ, ತಿಳಿದ ಕೆಲವೇ ದಿನಗಳಲ್ಲಿ ಅದು ಉತ್ಪಾದನೆ ಹೆಚ್ಚಿಸುತ್ತದೆ.

ಹಾಗಾದರೆ ತಿಳಿಯುವುದು ಯಾರಿಗೆ? ಕೆಂಪು ಕಣ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಆರೋಗ್ಯವಂತನ ಮಜ್ಜೆ ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕಣಗಳನ್ನು ಹೊರಗೆ ಬಿಡುತ್ತದೆ. ಒಂದೊಂದಕ್ಕೂ ಸುಮಾರು 120 ದಿನದ ಆಯುಸ್ಸು. ಇಷ್ಟು ದೊಡ್ಡ ಕಾರ್ಖಾನೆ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ ಎಂದು ಭಾವಿಸುವುದು ಸಹಜ. 1893ರಲ್ಲಿ ಸ್ವಿಟ್ಜರ್ಲೆಂಡಿನ ಫ್ರೀಡ್ರಿಕ್ ಮೀಷರ್ ಹೇಳಿದ್ದೂ ಅದನ್ನೇ: ಮಜ್ಜೆಗೆ ಆಮ್ಲಜನಕ ಕಡಿಮೆಯಾದರೆ ಮಜ್ಜೆಯೇ ಎಚ್ಚೆತ್ತು ದುಡಿಯುತ್ತದೆ. ಡಿಎನ್‌ಎ ಇರುವ ವಸ್ತುವನ್ನು ಜೀವಕೋಶದಿಂದ ಮೊತ್ತಮೊದಲು ಬೇರ್ಪಡಿಸಿದ ಮನುಷ್ಯ ಈತ. ಮಾತಿಗೆ ತೂಕವಿತ್ತು. ಮಾತು ತಪ್ಪಾಗಿತ್ತು. ಆದರೂ ಅದು ಅರ್ಧ ಶತಮಾನ ಆಳಿತು.

ಆ ಆಳ್ವಿಕೆಗೆ ಮೊದಲ ಕಲ್ಲು ಬಿದ್ದದ್ದು 1906ರಲ್ಲಿ, ಪ್ಯಾರಿಸ್ಸಿನಲ್ಲಿ. ಪಾಲ್ ಕಾರ್ನೋ ಎಂಬ ಪ್ರಾಧ್ಯಾಪಕರೂ ಅವರ ಜೊತೆ ಕೆಲಸ ಮಾಡುತ್ತಿದ್ದ ದೆಫ್ಲಾಂದ್ರ್ ಎಂಬ ಮಹಿಳೆಯೂ ಮೊಲಗಳ ರಕ್ತ ತೆಗೆದು ಅವನ್ನು ರಕ್ತಹೀನ ಮಾಡಿದರು. ಮರುದಿನ ಅದೇ ಮೊಲಗಳ ರಕ್ತದ ತಿಳಿಯನ್ನು, ಅಂದರೆ ಸೀರಮ್ಮನ್ನು, ಏನೂ ತೊಂದರೆಯಿಲ್ಲದ ಬೇರೆ ಮೊಲಗಳಿಗೆ ಚುಚ್ಚಿದರು. ಆ ಮೊಲಗಳ ಕೆಂಪು ಕಣ ಒಂದೆರಡು ದಿನಗಳಲ್ಲೇ ಗಣನೀಯವಾಗಿ ಏರಿತು ಎಂದು ವರದಿ ಮಾಡಿದರು. ಅಂದರೆ ಕೊರತೆಯ ಸುದ್ದಿಯನ್ನು ಮಜ್ಜೆಗೆ ಹೊತ್ತೊಯ್ಯುವ ಏನೋ ಒಂದು ರಕ್ತದಲ್ಲಿ ಹರಿಯುತ್ತಿದೆ. ಅದಕ್ಕೆ ಹಿಮೋಪೊಯೆಟಿನ್ ಎಂದು ಹೆಸರನ್ನೂ ಇಟ್ಟರು.

ವಿಚಿತ್ರವೆಂದರೆ ಅವರ ತೀರ್ಮಾನ ಸರಿ, ಅದಕ್ಕೆ ಕೊಟ್ಟ ಸಾಕ್ಷಿ ಅನುಮಾನದ್ದು. ಅವರು ಕೊಟ್ಟಷ್ಟು ಸಣ್ಣ ಪ್ರಮಾಣದ ಸೀರಮ್ಮಿನಿಂದ ಅಷ್ಟು ಬೇಗ ಅಷ್ಟು ಏರಿಕೆ ಕಾಣುವುದು ಇಂದಿನ ತಿಳಿವಳಿಕೆಯ ಪ್ರಕಾರ ಸಾಧ್ಯವಿಲ್ಲ. ಎಣಿಕೆ ತಪ್ಪಿತೋ, ಮೊಲಗಳು ನೀರು ಕುಡಿಯದೆ ರಕ್ತ ಗಟ್ಟಿಯಾಯಿತೋ ಯಾರು ಬಲ್ಲರು. ಪ್ರಯೋಗವನ್ನು ಮತ್ತೆ ಮಾಡಿ ನೋಡಿದ ಹಲವರಿಗೆ ಏನೂ ಸಿಗಲಿಲ್ಲ. ಹಿಮೋಪೊಯೆಟಿನ್ ಮೂಲೆಗೆ ಸೇರಿತು. ಶಾಲೆಯ ಲೆಕ್ಕದಲ್ಲಿ ಉತ್ತರ ಸರಿಯಾಗಿ ಬರೆದು ಮಾಡುವ ವಿಧಾನ ತಪ್ಪಿಸಿದ ಹುಡುಗನಿಗೆ ಮೇಷ್ಟರು ಸೊನ್ನೆ ಹಾಕಿದ ಹಾಗೆ. 1948ರಲ್ಲಿ ಫಿನ್ಲೆಂಡಿನ ಎವಾ ಬೋನ್ಸ್‌ಡಾರ್ಫ್ ಮತ್ತು ಏವಾ ಯಾಲವಿಸ್ಟೊ ಆ ವಸ್ತುವಿಗೆ ಎರಿಥ್ರೊಪೊಯೆಟಿನ್ ಎಂಬ ಹೊಸ ಹೆಸರು ಕೊಟ್ಟರು. ಇಂದು ಆಸ್ಪತ್ರೆಗಳಲ್ಲಿ ಅದನ್ನೇ ಮೊಟಕುಗೊಳಿಸಿ ಇಪಿಒ ಎನ್ನುತ್ತಾರೆ. ಹೆಸರು ಸಿದ್ಧವಿತ್ತು. ಹೆಸರಿನವನು ಇದ್ದಾನೋ ಇಲ್ಲವೋ ಎಂಬುದು ಇನ್ನೂ ತಿಳಿದಿರಲಿಲ್ಲ.

ಅನುಮಾನ ಕಳೆದದ್ದು 1950ರ ನಂತರದ ನಾಲ್ಕೇ ವರ್ಷಗಳಲ್ಲಿ. ಕರ್ಟ್ ರೈಸ್‌ಮನ್ ಎರಡು ಇಲಿಗಳ ಮೈಯನ್ನು ಹೊಲಿಗೆ ಹಾಕಿ ಜೋಡಿಸಿದರು, ಒಂದರ ರಕ್ತ ಇನ್ನೊಂದಕ್ಕೂ ಹರಿಯುವಂತೆ. ಒಂದಕ್ಕೆ ಆಮ್ಲಜನಕ ಕಡಿಮೆಯಿರುವ ಗಾಳಿ, ಇನ್ನೊಂದಕ್ಕೆ ಮಾಮೂಲು ಗಾಳಿ. ಮಜ್ಜೆ ಚುರುಕಾದದ್ದು ಎರಡರದ್ದೂ! ಹೊಟ್ಟೆ ತುಂಬ ಗಾಳಿ ಕುಡಿದ ಇಲಿಯ ಮಜ್ಜೆಗೆ ಕೊರತೆ ಎಲ್ಲಿಂದ ಬಂತು? 1953ರಲ್ಲಿ ಡೆನ್ಮಾರ್ಕ್ ಮೂಲದ ಆಲನ್ ಎರ್ಸ್‌ಲೆವ್ ಕಾರ್ನೋ ಪ್ರಯೋಗವನ್ನೇ ಹಿಡಿದರು. ಆದರೆ ರಕ್ತಹೀನ ಮೊಲಗಳ ಪ್ಲಾಸ್ಮಾವನ್ನು ಚಮಚದಲ್ಲಿ ಕೊಡದೆ ಧಾರಾಳವಾಗಿ, ದಿನಗಟ್ಟಲೆ ಕೊಟ್ಟರು. ಹೊಸದಾಗಿ ಹುಟ್ಟಿದ ಎಳೆಯ ಕಣಗಳು ರಕ್ತದಲ್ಲಿ ಸಾಲುಗಟ್ಟಿದವು. ಮರುವರ್ಷ ಸ್ಟೋಲ್‌ಮನ್ ಮತ್ತು ಜೊತೆಗಾರರು ಹೃದಯದ ಹುಟ್ಟುದೋಷವಿದ್ದ ಒಬ್ಬ ರೋಗಿಯ ವಿಷಯ ಬರೆದರು. ಆ ದೋಷದಿಂದ ದೇಹದ ಮೇಲಿನ ಅರ್ಧಕ್ಕೆ ಒಳ್ಳೆಯ ರಕ್ತ, ಕೆಳಗಿನ ಅರ್ಧಕ್ಕೆ ಆಮ್ಲಜನಕ ಸಾಲದ ರಕ್ತ. ಎದೆಮೂಳೆಯ ಮಜ್ಜೆಗೆ ಯಾವ ಕೊರತೆಯೂ ಇರಲಿಲ್ಲ. ಆದರೂ ಅದು ಮೈಮುರಿದು ದುಡಿಯುತ್ತಿತ್ತು. ನನಗೆ ಈ ಇಡೀ ಚರಿತ್ರೆಯಲ್ಲಿ ಬಹಳ ಇಷ್ಟವಾಗುವ ಸಾಕ್ಷಿ ಇದು. ಯಾರೂ ಕೊಯ್ಯಲಿಲ್ಲ, ಹೊಲಿಯಲಿಲ್ಲ. ಪ್ರಕೃತಿಯೇ ಪ್ರಯೋಗ ಮಾಡಿಟ್ಟಿತ್ತು, ನೋಡುವವರು ಬೇಕಿತ್ತು ಅಷ್ಟೆ. ಸಂದೇಶ ಹುಟ್ಟುವ ಜಾಗ ಎದೆಯಿಂದ ಕೆಳಗೆ ಎಲ್ಲೋ ಇದೆ ಎಂಬ ಸುಳಿವೂ ಅದರಲ್ಲಿತ್ತು.

ಜಾಗ ಹುಡುಕುವ ಕೆಲಸ ಷಿಕಾಗೊ ವಿಶ್ವವಿದ್ಯಾಲಯದ ಲಿಯಾನ್ ಜೇಕಬ್‌ಸನ್ ಪಾಲಿಗೆ ಬಂತು. ಯುದ್ಧಕಾಲದಲ್ಲಿ ಅಣುಬಾಂಬ್ ಯೋಜನೆಯ ಕೆಲಸಗಾರರ ಆರೋಗ್ಯ ನೋಡಿಕೊಂಡಿದ್ದ ವೈದ್ಯ ಅವರು. ವಿಕಿರಣ ಮಜ್ಜೆಯನ್ನು ಹೇಗೆ ಸುಡುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದರು. 1955ರಲ್ಲಿ ಅವರು ಯುವ ಜೀವರಸಾಯನ ಶಾಸ್ತ್ರಜ್ಞ ಯೂಜೀನ್ ಗೋಲ್ಡ್‌ವಾಸರ್ ಅವರನ್ನು ಕರೆದು ಈ ಎರಿಥ್ರೊಪೊಯೆಟಿನ್ ಅನ್ನು ಬೇರ್ಪಡಿಸಿ ಕೊಡು ಎಂದರು. ಕೆಲವು ತಿಂಗಳ ಕೆಲಸ ಎಂದುಕೊಂಡು ಗೋಲ್ಡ್‌ವಾಸರ್ ಒಪ್ಪಿದರು. ಅದು ಮುಗಿದದ್ದು ಇಪ್ಪತ್ತೆರಡು ವರ್ಷಗಳ ನಂತರ.

ಮೂಲ ಹುಡುಕುವ ಉಪಾಯ ಸರಳವಾಗಿತ್ತು, ಸ್ವಲ್ಪ ಕ್ರೂರವೂ ಆಗಿತ್ತು. ಇಲಿಗಳ ಒಂದೊಂದೇ ಅಂಗವನ್ನು ತೆಗೆಯುವುದು, ಆಮೇಲೆ ರಕ್ತಹೀನ ಮಾಡುವುದು ಇಲ್ಲವೇ ಕೋಬಾಲ್ಟ್ ಕೊಡುವುದು. ಕೋಬಾಲ್ಟ್ ಲೋಹ ಕೆಂಪು ಕಣವನ್ನು ಹೆಚ್ಚಿಸುತ್ತದೆ ಎಂಬುದು ಅಷ್ಟರಲ್ಲಿ ಗೊತ್ತಿತ್ತು, ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಪಿಟ್ಯುಟರಿ ಗ್ರಂಥಿ ತೆಗೆದರು, ಹಾರ್ಮೋನು ಬಂತು. ಥೈರಾಯ್ಡ್ ತೆಗೆದರು, ಗುಲ್ಮ ತೆಗೆದರು, ಯಕೃತ್ತಿನ ಬಹುಭಾಗ ತೆಗೆದರು. ಹಾರ್ಮೋನು ಬರುತ್ತಲೇ ಇತ್ತು. ಎರಡೂ ಮೂತ್ರಪಿಂಡ ತೆಗೆದರು, ನಿಂತುಹೋಯಿತು. ಮೂತ್ರಪಿಂಡವಿಲ್ಲದೆ ವಿಷ ತುಂಬಿಕೊಂಡು ಹಾಗಾಯಿತೇನೋ ಎಂಬ ಪ್ರಶ್ನೆ ಬರುತ್ತದಲ್ಲ, ಅದಕ್ಕೂ ಉತ್ತರ ಸಿದ್ಧಪಡಿಸಿಕೊಂಡಿದ್ದರು. ಬೇರೆ ಇಲಿಗಳಲ್ಲಿ ಮೂತ್ರಪಿಂಡ ಉಳಿಸಿ ಮೂತ್ರನಾಳವನ್ನಷ್ಟೇ ಕಟ್ಟಿದರು. ವಿಷ ಅಷ್ಟೇ ತುಂಬಿತು, ಹಾರ್ಮೋನೂ ಬಂತು. 1957ರಲ್ಲಿ ಜೇಕಬ್‌ಸನ್, ಗೋಲ್ಡ್‌ವಾಸರ್, ವಾಲ್ಟರ್ ಫ್ರೀಡ್ ಮತ್ತು ಲೂಯಿಸ್ ಪ್ಲ್ಝಾಕ್ ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಹೊಲ ಉಳುವವನು ಮಜ್ಜೆ. ಆದರೆ ಊರಿಗೆ ಎಷ್ಟು ಧಾನ್ಯ ಬೇಕು ಎಂಬ ಲೆಕ್ಕದ ಪುಸ್ತಕ ಅವನ ಮನೆಯಲ್ಲಿಲ್ಲ. ಅದು ಬೆನ್ನ ಹಿಂದೆ ಕೂತ ಶಾನುಭೋಗನ ಬಳಿ ಇದೆ. ಮೂತ್ರ ಸೋಸುವ ಅಂಗ ರಕ್ತದ ಲೆಕ್ಕ ನೋಡುವುದೇ ಎಂದು ಮೂಗು ಮುರಿದವರಿದ್ದರು. ಮೂತ್ರಪಿಂಡ ಮಾಡುವುದು ಒಂದು ಕಿಣ್ವವನ್ನು ಮಾತ್ರ, ಅದು ಯಕೃತ್ತಿನಿಂದ ಬಂದ ವಸ್ತುವನ್ನು ಕತ್ತರಿಸಿದಾಗ ಹಾರ್ಮೋನು ಹುಟ್ಟುತ್ತದೆ ಎಂಬ ಇನ್ನೊಂದು ವಾದ 1960ರ ದಶಕದಲ್ಲಿ ಹಬ್ಬಿತು. 1986ರಲ್ಲಿ ಮೂತ್ರಪಿಂಡದೊಳಗೇ ಆ ಹಾರ್ಮೋನಿನ ಆರ್‌ಎನ್‌ಎ ಸಿಕ್ಕ ಮೇಲೆ ಆ ವಾದಕ್ಕೆ ನೆಲೆ ಉಳಿಯಲಿಲ್ಲ.

ವಾಸ್ತವವಾಗಿ ಮೂತ್ರಪಿಂಡಕ್ಕಿಂತ ಒಳ್ಳೆಯ ಜಾಗ ಈ ಲೆಕ್ಕಕ್ಕೆ ಸಿಗುವುದು ಕಷ್ಟ. ಹೃದಯ ಪಂಪು ಮಾಡುವ ರಕ್ತದಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಇಲ್ಲಿಗೇ ಬರುತ್ತದೆ. ಸ್ನಾಯುವಿಗೆ ಓಡುವಾಗ ಒಂದು ಹಸಿವು, ಮಲಗಿದಾಗ ಒಂದು ಹಸಿವು; ಅಲ್ಲಿ ಆಮ್ಲಜನಕ ಕಡಿಮೆಯಾದರೆ ಅದು ರಕ್ತದ ದೋಷವೋ ದುಡಿಮೆಯ ದೋಷವೋ ಹೇಳಲಾಗದು. ಮೂತ್ರಪಿಂಡದಲ್ಲಿ ಹಾಗಲ್ಲ. ರಕ್ತ ಹೆಚ್ಚು ಬಂದರೆ ಸೋಸುವ ಕೆಲಸ ಹೆಚ್ಚು, ಕೆಲಸ ಹೆಚ್ಚಾದರೆ ಆಮ್ಲಜನಕದ ಖರ್ಚೂ ಹೆಚ್ಚು. ಆದಾಯ ಏರಿದಂತೆ ಖರ್ಚೂ ಏರುವ ಸಂಸಾರ. ಹೀಗಾಗಿ ಉಳಿಯುವ ಆಮ್ಲಜನಕ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಅದು ಕುಸಿದರೆ ರಕ್ತವೇ ಸೋತಿದೆ ಎಂದರ್ಥ.

ಮತ್ತೆ ಗೋಲ್ಡ್‌ವಾಸರ್ ಕಡೆಗೆ. ಆರೋಗ್ಯವಂತರ ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಈ ಹಾರ್ಮೋನು ಎಷ್ಟಿರುತ್ತದೆ? ಒಂದು ಗ್ರಾಮನ್ನು ಸಾವಿರ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿನ ಆಸುಪಾಸು. ರಕ್ತಹೀನ ಪ್ರಾಣಿಯಲ್ಲಿ ಇದು ಅನೇಕ ಪಟ್ಟು ಏರುವುದರಿಂದ ಅವರು ಕುರಿಗಳಿಗೆ ಔಷಧ ಕೊಟ್ಟು ಕೆಂಪು ಕಣ ಒಡೆಯುವಂತೆ ಮಾಡಿ, ಅವುಗಳ ಪ್ಲಾಸ್ಮಾವನ್ನು ವರ್ಷಗಟ್ಟಲೆ ಸೋಸಿದರು. 1971ರಲ್ಲಿ ಕುರಿಯ ಹಾರ್ಮೋನು ಶುದ್ಧರೂಪದಲ್ಲಿ ಸಿಕ್ಕಿತು, ಗುಡ್ಡ ಅಗೆದು ಇಲಿ ಹಿಡಿದಷ್ಟು. ಅದರ ರಚನೆ ತಿಳಿಯುವುದಕ್ಕೂ ಸಾಲದು. ಅಲ್ಲದೆ ಬೇಕಾದದ್ದು ಮನುಷ್ಯನದ್ದು.

ಆಗ ಜಪಾನಿನ ಕುಮಾಮೊಟೊ ವಿಶ್ವವಿದ್ಯಾಲಯದ ತಕಾಜಿ ಮಿಯಾಕೆ ಅವರಿಂದ ಪತ್ರ ಬಂತು. ಮಿಯಾಕೆ ನೋಡಿಕೊಳ್ಳುತ್ತಿದ್ದದ್ದು ಏಪ್ಲಾಸ್ಟಿಕ್ ಅನೀಮಿಯಾ ರೋಗಿಗಳನ್ನು. ಇವರ ಮಜ್ಜೆಯೇ ಬತ್ತಿಹೋಗಿರುತ್ತದೆ. ಮೂತ್ರಪಿಂಡ ಓಲೆಯ ಮೇಲೆ ಓಲೆ ಕಳಿಸುತ್ತದೆ. ಓದಿಕೊಳ್ಳಬೇಕಾದ ಮಜ್ಜೆ ಮನೆಯಲ್ಲಿಲ್ಲ. ಹೀಗೆ ರಕ್ತದಲ್ಲಿ ತುಂಬಿ ತುಳುಕಿದ ಹಾರ್ಮೋನು ಮೂತ್ರಕ್ಕೂ ಇಳಿಯುತ್ತದೆ. ಮಿಯಾಕೆ ಈ ರೋಗಿಗಳ ಮೂತ್ರವನ್ನು ಸಂಗ್ರಹಿಸಿದರು, 2,550 ಲೀಟರ್. ಒಬ್ಬರಿಗೆ ದಿನಕ್ಕೆ ಒಂದೂವರೆ ಲೀಟರ್ ಎಂದು ಹಿಡಿದರೂ ಒಬ್ಬನೇ ರೋಗಿಗೆ 1,700 ದಿನ ಬೇಕು. ಅಷ್ಟನ್ನೂ ಬತ್ತಿಸಿ ಒಣಗಿಸಿ, 1975ರ ಕೊನೆಗೆ ಷಿಕಾಗೊದ ಪಾಮರ್ ಹೌಸ್ ಹೋಟೆಲಿನಲ್ಲಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತಲೆಬಾಗಿ ಗೋಲ್ಡ್‌ವಾಸರ್ ಕೈಗಿತ್ತರು. ಒಳಗಿದ್ದದ್ದು ಮೂತ್ರದ ಪುಡಿ. ನಮ್ಮಲ್ಲಿ ಮದುವೆಯ ಸೀರೆಯನ್ನು ಹಾಗೆ ಸುತ್ತಿ ಕೊಡುತ್ತಾರೆ.

ಗೋಲ್ಡ್‌ವಾಸರ್, ಮಿಯಾಕೆ ಮತ್ತು ಚಾರ್ಲ್ಸ್ ಕುಂಗ್ ಅದನ್ನು ಹಂತಹಂತವಾಗಿ ಸೋಸಿ 1977ರಲ್ಲಿ ಮಾನವ ಎರಿಥ್ರೊಪೊಯೆಟಿನ್ ಅನ್ನು ಶುದ್ಧವಾಗಿ ಬೇರ್ಪಡಿಸಿದ್ದನ್ನು ಪ್ರಕಟಿಸಿದರು. ಕೈಗೆ ಬಂದದ್ದು ಸುಮಾರು 8 ಮಿಲಿಗ್ರಾಂ. ಮುಂದೆ ಬೆಳೆದ ಕೋಟ್ಯಂತರ ಡಾಲರಿನ ಔಷಧ ವ್ಯಾಪಾರಕ್ಕೆ ಬೀಜ ಆ ಚಿಟಿಕೆಯೇ. ಅದರ ಮೇಲೆ ಗೋಲ್ಡ್‌ವಾಸರ್ ಹೆಸರಿನಲ್ಲಿ ಪೇಟೆಂಟ್ ಇರಲಿಲ್ಲ. ಅವರು 2010ರಲ್ಲಿ ತೀರಿಕೊಂಡರು. ಇನ್ನು ಕುಮಾಮೊಟೊದ ಆ ರೋಗಿಗಳಿಗೆ ತಮ್ಮ ಮೂತ್ರದಿಂದ ಹೊರಟ ಮದ್ದು ಹೇಗೂ ಉಪಯೋಗವಿರಲಿಲ್ಲ. ಅವರಿಗೆ ಹಾರ್ಮೋನಿನ ಕೊರತೆ ಇರಲಿಲ್ಲವಲ್ಲ.

ನಂತರದ ಓಟ ವೇಗದ್ದು, ಅದನ್ನು ಬೇಗ ಹೇಳಿ ಮುಗಿಸಬಹುದು. 1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಆಮ್ಜೆನ್ ಕಂಪನಿಗೆ ಗೋಲ್ಡ್‌ವಾಸರ್ ತಮ್ಮ ವಸ್ತುವನ್ನು ಕೊಟ್ಟರು. ಅದರ ತುಣುಕುಗಳಿಂದ ತಿಳಿದ ಅಮೈನೋ ಆಮ್ಲಗಳ ಸಾಲನ್ನು ಹಿಡಿದುಕೊಂಡು ತೈವಾನಿನಿಂದ ಬಂದಿದ್ದ ಫು-ಕುಯೆನ್ ಲಿನ್ 1983ರಲ್ಲಿ ಮಾನವ ವಂಶವಾಹಿಗಳ ರಾಶಿಯಿಂದ ಆ ಒಂದು ಜೀನನ್ನು ಹೆಕ್ಕಿ ತೆಗೆದರು. ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡಾಶಯದ ಕೋಶಗಳಿಗೆ ಅದನ್ನು ಸೇರಿಸಿದಾಗ ಅವು 165 ಅಮೈನೋ ಆಮ್ಲಗಳ ಹಾರ್ಮೋನನ್ನು ಅದರ ಸಕ್ಕರೆಯ ಕವಚದ ಸಮೇತ ಮಾಡತೊಡಗಿದವು. ಇನ್ನೊಂದು ಕಂಪನಿ, ಜೆನೆಟಿಕ್ಸ್ ಇನ್‌ಸ್ಟಿಟ್ಯೂಟ್, ಅದೇ ಹೊತ್ತಿಗೆ ಅದೇ ಜೀನನ್ನು ಹಿಡಿದಿತ್ತು. ಕೋರ್ಟು ಕಚೇರಿ ವರ್ಷಗಟ್ಟಲೆ ನಡೆಯಿತು, 1991ರ ಮೇಲ್ಮನವಿ ತೀರ್ಪು ಆಮ್ಜೆನ್ ಕಡೆಗಾಯಿತು.

ಔಷಧ ಮೊದಲು ಹೋದ ಊರುಗಳಲ್ಲಿ ಸಿಯಾಟಲ್ ಒಂದು. ದೀರ್ಘಕಾಲದ ಡಯಾಲಿಸಿಸ್ ಚಿಕಿತ್ಸೆಯ ತವರು ಅದು. 1960ರ ದಶಕದಲ್ಲಿ ಅಲ್ಲಿ ಯಂತ್ರಗಳು ಕಡಿಮೆಯಿದ್ದು, ಯಾರನ್ನು ಬದುಕಿಸಬೇಕು ಎಂದು ಆರಿಸುವುದಕ್ಕೆ ಊರಿನ ಸಾಮಾನ್ಯ ಜನರ ಸಮಿತಿಯೇ ಇತ್ತು. ಯಂತ್ರ ಸಿಕ್ಕವರೂ ಬದುಕಿದರು ಎನ್ನಬಹುದೇ ಹೊರತು ಚೈತನ್ಯವಿರಲಿಲ್ಲ. ಯಂತ್ರ ರಕ್ತವನ್ನು ತೊಳೆಯುತ್ತದೆ, ಹಾರ್ಮೋನು ಮಾಡುವುದಿಲ್ಲ. ಹಿಮೋಗ್ಲೋಬಿನ್ ಆರೇಳಕ್ಕೆ ಇಳಿದು ಮೆಟ್ಟಿಲು ಹತ್ತಲಾಗದ ಸುಸ್ತು. ವೈದ್ಯರು ಕಬ್ಬಿಣ ಕೊಟ್ಟರು, ಪುರುಷ ಹಾರ್ಮೋನು ಕೊಟ್ಟರು, ಕೆಲವರು ಕೋಬಾಲ್ಟನ್ನೂ ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕೊನೆಗೆ ಬೇರೆಯವರ ರಕ್ತ. ಪದೇ ಪದೇ ರಕ್ತ ಹಾಕಿಸಿಕೊಂಡವರ ಯಕೃತ್ತಿನಲ್ಲಿ ಕಬ್ಬಿಣ ಗಟ್ಟಿಯಾಯಿತು, ಹೆಪಟೈಟಿಸ್ ಅಂಟಿತು, ಮುಂದೆ ಕಿಡ್ನಿ ಕಸಿ ಮಾಡೋಣವೆಂದರೆ ದೇಹ ಒಪ್ಪದ ಸ್ಥಿತಿ ಬಂತು. 1985ರ ಕೊನೆಗೆ ಜೋಸೆಫ್ ಎಶ್‌ಬಾಕ್ ಮತ್ತು ಜಾನ್ ಆಡಮ್‌ಸನ್ ಪ್ರಯೋಗ ಶುರುಮಾಡಿದರು. 25 ರೋಗಿಗಳ ಫಲಿತಾಂಶ 1987ರ ಜನವರಿಯಲ್ಲಿ ಅಚ್ಚಾಯಿತು: ಸಾಕಷ್ಟು ಪ್ರಮಾಣ ಸಿಕ್ಕವರಿಗೆ ರಕ್ತ ಹಾಕಿಸುವ ಅಗತ್ಯವೇ ತಪ್ಪಿತ್ತು. 1989ರ ಜೂನ್ 1ರಂದು ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು.

ನಮ್ಮ ಊರುಗಳ ಡಯಾಲಿಸಿಸ್ ಕೇಂದ್ರದಲ್ಲಿ ಸೂಜಿ ತೆಗೆಯುವ ಮುನ್ನ ನರ್ಸ್ ಕೊಡುವ ‘ರಕ್ತ ಹೆಚ್ಚಾಗೋ ಇಂಜೆಕ್ಷನ್’ ಇದೇ. ಇದರ ದುರುಪಯೋಗದ ಕಥೆ ಇನ್ನೊಂದು ದೊಡ್ಡ ಲೇಖನಕ್ಕಾಗುವಷ್ಟಿದೆ. ಸೈಕಲ್ ಓಟಗಾರರು ಇದನ್ನು ಕದ್ದು ಚುಚ್ಚಿಕೊಂಡರು. 1998ರ ಟೂರ್ ಡಿ ಫ್ರಾನ್ಸ್‌ನಲ್ಲಿ ಒಂದು ಇಡೀ ತಂಡ ಸಿಕ್ಕಿಬಿತ್ತು. ಮೂತ್ರದಲ್ಲಿ ಇದನ್ನು ಪತ್ತೆ ಮಾಡುವ ಪರೀಕ್ಷೆ ಬಂದದ್ದು 2000ದಲ್ಲಿ. ಆಸ್ಪತ್ರೆಗಳಲ್ಲೂ ಅತಿಯಾಯಿತು. ಹಿಮೋಗ್ಲೋಬಿನ್ 11ರ ಆಸುಪಾಸು ಇದ್ದರೆ ಸಾಕೋ, 13.5ಕ್ಕೆ ಏರಿಸಬೇಕೋ ಎಂದು ನೋಡಿದ 2006ರ ಅಮೆರಿಕದ ಅಧ್ಯಯನವೊಂದರಲ್ಲಿ ಏರಿಸಿಕೊಂಡವರಿಗೇ ಸಾವು ಮತ್ತು ಹೃದಯದ ತೊಂದರೆ ಹೆಚ್ಚಾಗಿತ್ತು. ಮರುವರ್ಷ ಔಷಧದ ಮಾಹಿತಿ ಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂತು.

ಇಷ್ಟೆಲ್ಲ ಆಗುವಾಗ ಒಂದು ಸಣ್ಣ ಪ್ರಶ್ನೆ ಹಿಂದೆಯೇ ಉಳಿದಿತ್ತು. ಮೂತ್ರಪಿಂಡ ಸರಿ, ಅದರೊಳಗಿನ ಯಾವ ಕೋಶ? ಔಷಧದ ಪ್ರಯೋಗ ಮನುಷ್ಯರ ಮೇಲೆ ಮುಗಿದಿತ್ತು, ಅದನ್ನು ದೇಹದಲ್ಲಿ ಮಾಡುವವರು ಯಾರೆಂದು ತಿಳಿದಿರಲಿಲ್ಲ. ಸೋಸುವ ಗೊಂಚಲಿನ ಕೋಶ ಎಂದರು ಕೆಲವರು, ನಾಳದ ಗೋಡೆ ಎಂದರು ಹಲವರು. 1988ರಲ್ಲಿ ಅಮೆರಿಕದ ಕೌರಿ ಸಹೋದರರು ಮತ್ತು ಮಾರಿಸ್ ಬಾಂಡ್ಯುರಂಟ್, ಅದೇ ವರ್ಷ ಫ್ರಾನ್ಸಿನ ಕ್ಯಾಥರೀನ್ ಲಕೋಂಬ್ ತಂಡ, ರಕ್ತ ತೆಗೆದು ಇಲ್ಲವೇ ಬೇರೆ ರೀತಿಯಲ್ಲಿ ಆಮ್ಲಜನಕದ ಕೊರತೆ ಉಂಟುಮಾಡಿದ ಇಲಿಗಳ ಮೂತ್ರಪಿಂಡದ ತೆಳು ಪದರಗಳಲ್ಲಿ ಆ ಹಾರ್ಮೋನಿನ ಆರ್‌ಎನ್‌ಎಗೆ ಮಾತ್ರ ಅಂಟುವ ಗುರುತು ಹಚ್ಚಿ ನೋಡಿದರು. ಕಪ್ಪು ಚುಕ್ಕೆಗಳು ಮೂಡಿದ್ದು ಗೊಂಚಲಿನಲ್ಲೂ ಅಲ್ಲ, ನಾಳದಲ್ಲೂ ಅಲ್ಲ. ನಾಳ ಮತ್ತು ಸೂಕ್ಷ್ಮ ರಕ್ತನಾಳಗಳ ಸಂದಿಯಲ್ಲಿ, ತುಂಬುವ ಸಾಮಗ್ರಿ ಎಂದು ಯಾರೂ ಗಮನಿಸದ ಎಡೆಯಲ್ಲಿ.

ಮರುವರ್ಷ ಕೌರಿ ತಂಡ ಎಣಿಸಿ ನೋಡಿದ್ದು ಇನ್ನೂ ಸೊಗಸಾದ ಸಂಗತಿ. ರಕ್ತ ಕಡಿಮೆಯಾದಷ್ಟೂ ಒಂದೊಂದು ಕೋಶ ಹೆಚ್ಚು ಹೆಚ್ಚು ದುಡಿಯುತ್ತದೆ ಎಂದು ನಾವು ಊಹಿಸುತ್ತೇವೆ. ಹಾಗಲ್ಲ. ದುಡಿಯುವ ಕೋಶ ಪೂರ್ತಿ ದುಡಿಯುತ್ತದೆ, ಇಲ್ಲದಿದ್ದರೆ ಮಲಗಿರುತ್ತದೆ. ಹೆಚ್ಚಾಗುವುದು ತಲೆ ಎಣಿಕೆ. ಮಾಮೂಲು ದಿನಗಳಲ್ಲಿ ಮೂತ್ರಪಿಂಡದ ತೊಗಟೆಯ ಒಳ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಎದ್ದಿರುತ್ತದೆ. ರಕ್ತಸ್ರಾವ ಜೋರಾದರೆ ಒಳಗಿನಿಂದ ಹೊರಕ್ಕೆ ಸಾಲುಸಾಲಾಗಿ ಎಚ್ಚರಾಗುತ್ತವೆ, ಊರಿಗೆ ಬೆಂಕಿ ಬಿದ್ದಾಗ ಬೀದಿ ಬೀದಿಯ ಬಾಗಿಲು ತೆರೆದಂತೆ. ರಕ್ತದಲ್ಲಿ ಹಾರ್ಮೋನು ಸಾವಿರ ಪಟ್ಟು ಏರಬಲ್ಲುದರ ಗುಟ್ಟು ಇದು.

ಕೋಶಕ್ಕೆ ಕೊರತೆ ತಿಳಿಯುವುದು ಹೇಗೆ? ಇದಕ್ಕೆ ಉತ್ತರ ಹುಡುಕಿದ ಮೂವರಿಗೆ 2019ರ ನೊಬೆಲ್ ಬಂತು. ಬಾಲ್ಟಿಮೋರಿನ ಗ್ರೆಗ್ ಸೆಮೆಂಜಾ ಈ ಜೀನಿನ ಪಕ್ಕದಲ್ಲಿ ಆಮ್ಲಜನಕ ಕಡಿಮೆಯಾದಾಗ ಬಂದು ಕೂರುವ ಪ್ರೋಟೀನೊಂದನ್ನು ಹಿಡಿದರು. ಅದರ ಹೆಸರು ಹಿಫ್. ಆಕ್ಸ್‌ಫರ್ಡಿನ ಪೀಟರ್ ರಾಟ್‌ಕ್ಲಿಫ್ ವೃತ್ತಿಯಿಂದ ಕಿಡ್ನಿ ವೈದ್ಯರು. ಮೂತ್ರಪಿಂಡದ್ದು ಎಂದುಕೊಂಡಿದ್ದ ಈ ವ್ಯವಸ್ಥೆ ತಾವು ನೋಡಿದ ಎಲ್ಲ ಬಗೆಯ ಕೋಶಗಳಲ್ಲೂ ಇದೆ ಎಂದು ಅವರು ಕಂಡುಕೊಂಡರು. ‘ನೇಚರ್’ ಪತ್ರಿಕೆ 1992ರಲ್ಲಿ ಆ ಬರಹವನ್ನು ವಾಪಸು ಕಳಿಸಿತ್ತು. ನೊಬೆಲ್ ಬಂದ ದಿನ ಆ ತಿರಸ್ಕಾರ ಪತ್ರದ ಚಿತ್ರ ಜಗತ್ತೆಲ್ಲ ಓಡಾಡಿತು. ಬಾಸ್ಟನ್ನಿನ ವಿಲಿಯಂ ಕೇಲಿನ್ ಬೇರೆ ಬಾಗಿಲಿನಿಂದ ಬಂದವರು. ಅವರದು ವಾನ್ ಹಿಪ್ಪೆಲ್-ಲಿಂಡಾವ್ ಎಂಬ ಆನುವಂಶಿಕ ಗೆಡ್ಡೆಗಳ ರೋಗದ ಅಧ್ಯಯನ. ಆ ಗೆಡ್ಡೆಗಳಲ್ಲಿ ಕೆಲವು ಕಾರಣವಿಲ್ಲದೆ ಇಪಿಒ ಸುರಿಸುತ್ತಿದ್ದವು.

ಮೂರೂ ದಾರಿ 2001ರ ಏಪ್ರಿಲ್‌ನಲ್ಲಿ ಕೂಡಿದವು. ಕೋಶ ಹಿಫ್ ಅನ್ನು ಸದಾ ಮಾಡುತ್ತಲೇ ಇರುತ್ತದೆ, ಅಂದರೆ ಓಲೆ ಬರೆಯುತ್ತಲೇ ಇರುತ್ತದೆ. ಆಮ್ಲಜನಕ ಇದ್ದರೆ ಒಂದು ಕಿಣ್ವ ಕಬ್ಬಿಣದ ನೆರವಿನಿಂದ ಓಲೆಯ ಮೇಲೆ ಪುಟ್ಟ ಗುರುತು ಹಾಕುತ್ತದೆ. ಕೇಲಿನ್ ನೋಡುತ್ತಿದ್ದ ರೋಗಕ್ಕೆ ಸಂಬಂಧಿಸಿದ ಹಿಪ್ಪೆಲ್-ಲಿಂಡಾವ್ ಪ್ರೋಟೀನು ಗುರುತು ನೋಡಿ ಓಲೆಯನ್ನು ಹರಿಯಲು ಕಳಿಸುತ್ತದೆ. ಐದು ನಿಮಿಷವೂ ಅದು ಬಾಳುವುದಿಲ್ಲ. ಆಮ್ಲಜನಕ ಇಲ್ಲದಿದ್ದರೆ ಗುರುತಿಲ್ಲ, ಓಲೆ ಉಳಿಯುತ್ತದೆ, ಜೀನು ಎಚ್ಚರವಾಗುತ್ತದೆ. ಷಿಕಾಗೊದ ಇಲಿಗಳಿಗೆ ಕೊಟ್ಟ ಕೋಬಾಲ್ಟ್ ಮಾಡುತ್ತಿದ್ದದ್ದೇನು ಎಂಬುದೂ ಈಗ ಬಗೆಹರಿಯಿತು. ಅದು ಕಬ್ಬಿಣದ ಜಾಗದಲ್ಲಿ ಕೂತು ಗುರುತು ಹಾಕುವ ಕೈಯನ್ನು ಹಿಡಿದುಬಿಡುತ್ತಿತ್ತು. ಎಲ್ಲ ಕೋಶಗಳಿಗೂ ಕೊರತೆ ತಿಳಿಯುತ್ತದೆ. ಆದರೆ ಮಜ್ಜೆಗೆ ಆಜ್ಞೆ ಬರೆಯುವ ಅಧಿಕಾರ ಹುಟ್ಟುವ ಮುನ್ನ ಯಕೃತ್ತಿಗೆ, ಹುಟ್ಟಿದ ಮೇಲೆ ಬಹುಪಾಲು ಮೂತ್ರಪಿಂಡದ ಈ ಕೋಶಗಳಿಗೆ. ಹಿಫ್ ಕುಟುಂಬದ ಎರಡನೆಯ ಸದಸ್ಯ ಹಿಫ್-2 ಅವುಗಳ ಮುಖ್ಯ ಕೈ. 2010ರಲ್ಲಿ ಟಿಬೆಟಿಯನ್ನರ ರಕ್ತ ಎತ್ತರದಲ್ಲೂ ಯಾಕೆ ದಪ್ಪಗಾಗುವುದಿಲ್ಲ ಎಂದು ಹುಡುಕಿದವರಿಗೆ ಸಿಕ್ಕಿದ್ದೂ ಅದೇ ಹಿಫ್-2ರ ಜೀನಿನಲ್ಲಿನ ವ್ಯತ್ಯಾಸ. ವಿಯೋ ಲಾಸಾಗೆ ಹೋಗಿದ್ದರೆ ಅವರ ಎಣಿಕೆ ಅವರನ್ನೇ ಗೊಂದಲಕ್ಕೆ ತಳ್ಳುತ್ತಿತ್ತು.

ಗುರುತು ಹಾಕುವ ಕಿಣ್ವವನ್ನು ತಡೆದರೆ ಇಂಜೆಕ್ಷನ್ನಿನ ಬದಲು ಮಾತ್ರೆ ಸಾಕಲ್ಲ? ಚೀನಾ 2018ರ ಡಿಸೆಂಬರಿನಲ್ಲಿ ರಾಕ್ಸಡುಸ್ಟಾಟ್ ಎಂಬ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಭಾರತದಲ್ಲಿ ಝೈಡಸ್ ಕಂಪನಿಯ ಡೆಸಿಡುಸ್ಟಾಟ್‌ಗೆ 2022ರ ಮಾರ್ಚಿನಲ್ಲಿ ಒಪ್ಪಿಗೆ ಸಿಕ್ಕಿತು. ಮೂತ್ರಪಿಂಡ ಸೋತವರಿಗೂ ಇಂಥ ಮಾತ್ರೆ ನಾಟುತ್ತದೆ ಎಂಬುದು ಒಂದು ವಿಷಯವನ್ನು ಹೇಳುತ್ತದೆ. ರೋಗದಲ್ಲಿ ಆ ಕೋಶಗಳು ಎಲ್ಲವೂ ಸಾಯುವುದಿಲ್ಲ. ಗಾಯ ಮುಚ್ಚುವ ನಾರು ನೇಯುವ ಕೋಶಗಳಾಗಿ ಬದಲಾಗುತ್ತವೆ. ಶಾನುಭೋಗಿಕೆ ಬಿಟ್ಟು ಬೇಲಿ ಕಟ್ಟುವ ಕೂಲಿಗೆ ಹೋದಂತೆ.

ಮನುಷ್ಯನ ಮೂತ್ರಪಿಂಡದಲ್ಲಿ ಈ ಕೋಶಗಳನ್ನು ಒಂದೊಂದಾಗಿ ಹೆಕ್ಕಿ, ಅವುಗಳ ಗುಣಲಕ್ಷಣವನ್ನು ಪೂರ್ತಿಯಾಗಿ ಗುರುತಿಸಿ ಹೆಸರಿಟ್ಟದ್ದು 2023ರಲ್ಲಿ. ಇಸ್ರೇಲಿನ ಇಡೋ ಅಮಿತ್ ಮತ್ತು ಝೂರಿಚ್ಚಿನ ರೋಲಾಂಡ್ ವೆಂಗರ್ ಪ್ರಯೋಗಾಲಯಗಳು ಜೊತೆಯಾಗಿ ಮಾಡಿದ ಕೆಲಸ. ಮನುಷ್ಯರ ಹಣೆಬರಹ ನೂಲುವ ಉತ್ತರ ಯುರೋಪಿನ ಪುರಾಣದ ದೇವತೆಯರ ಹೆಸರಿನಿಂದ ಅವನ್ನು ನಾರ್ನ್ ಕೋಶಗಳೆಂದು ಕರೆದರು. ಆರೋಗ್ಯವಂತರ ಮೂತ್ರಪಿಂಡದಲ್ಲಿ ಹುಡುಕಿದರೆ ಅವು ಮಲಗಿರುತ್ತವೆ, ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಅವರು ವಿಧಿವಿಜ್ಞಾನ ವೈದ್ಯರ ಮೂಲಕ ಬೆಂಕಿ ಅವಘಡಗಳಲ್ಲಿ ಹೊಗೆ ಕುಡಿದು ಸತ್ತವರ ಮೂತ್ರಪಿಂಡಗಳನ್ನು ಪಡೆದರು. ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕದ ಜಾಗವನ್ನು ಕಿತ್ತುಕೊಂಡಿದ್ದರಿಂದ ಆ ದೇಹಗಳಲ್ಲಿ ಕೋಶಗಳು ಎದ್ದು ಕೂತಿದ್ದವು, ಹೊಸ ರಕ್ತಕ್ಕಾಗಿ ಆಜ್ಞೆ ಬರೆಯುತ್ತಿದ್ದವು.